ಬಾಳೆಗಿಡಕ್ಕೆ ಸುರಿದ ನೀರು

ಸೇತುಮಾಧವರಾಯರ ಮನೆಯಲ್ಲಿ ಏಕಾದಶಿಯೆಂದರೆ ಒಲೆಗೂ ರಜೆ, ಕೊಡಗಳಿಗೂ ರಜೆ. ದಶಮಿಯ ಸಂಜೆಯೇ ಅವರ ತಾಯಿ ಸಕ್ಕೂಬಾಯಿ ಅಡಿಗೆಮನೆಯ ಕೊಡಗಳನ್ನೆಲ್ಲ ಬರಿದು ಮಾಡಿ, ಬೆಳಗಿ, ಗೋಡೆಗುಂಟ ಬೋರಲು ಹಾಕಿಬಿಡುತ್ತಿದ್ದರು. ಮರುದಿನ ಅನ್ನವಿಲ್ಲ, ಹಣ್ಣಿಲ್ಲ, ಗುಟುಕು ನೀರೂ ಇಲ್ಲ. ಆದೋನಿಯ ವೈಶಾಖದಲ್ಲಿ, ಕೋಟೆಗುಡ್ಡದ ಬಂಡೆಗಳು ಹೊತ್ತು ಮುಳುಗಿದ ಮೇಲೂ ಕಾವು ಕಾರುವ ದಿನಗಳಲ್ಲಿ, ಇದು ಸಣ್ಣ ಮಾತಲ್ಲ. ಪಕ್ಕದ ಮನೆಯ ಗುರುಲಿಂಗಮ್ಮ ಹಿತ್ತಲ ಗೋಡೆಯಾಚೆಯಿಂದ ಕೆಣಕುವುದಿತ್ತು.

“ಏಕಾದಶಿ ದಿನ ಕಾಗಿ ಸೈತ ನಿಮ್ಮ ಹಿತ್ತಲಕ್ಕ ಇಳಿಯಂಗಿಲ್ಲ ನೋಡ್ರಿ ಅವ್ವಾರ. ಅದಕ್ಕೂ ಪಂಚಾಂಗ ಗೊತ್ತೈತಿ.”

“ನಾನೇ ಹೇಳಿ ಕಳಸೀನಿ, ಗುರುಲಿಂಗಮ್ಮನ ಮನೀಗೆ ಹೋಗು, ಅಲ್ಲಿ ರೊಟ್ಟಿ ಸಿಗ್ತಾವ ಅಂತ,” ಎನ್ನುತ್ತಿದ್ದರು ಸಕ್ಕೂಬಾಯಿ, ಒಣಗಿದ ತುಟಿಯಲ್ಲೇ ನಕ್ಕು.

ಎಂಬತ್ತಾರನೇ ಇಸವಿಯ ಆ ವೈಶಾಖದಲ್ಲಿ ಮಾತ್ರ ಒಂದು ಚೆಂಬು ಬೋರಲಾಗಲಿಲ್ಲ. ಪಡಸಾಲೆಯಲ್ಲಿ ಅಂಬೂನ ಮಂಚದ ಪಕ್ಕ, ಸ್ಟೂಲಿನ ಮೇಲೆ, ತುಂಬಿಯೇ ಇತ್ತು. ಕಾಯಿಸಿ ಆರಿಸಿದ ನೀರು. ಅದರ ಮೇಲೊಂದು ಲೋಟ. ಅದನ್ನು ತುಂಬಿಟ್ಟವರು ಸ್ವತಃ ಸಕ್ಕೂಬಾಯಿ. “ರೋಗಿಗೆ ಔಷಧ, ನೀರು ಎರಡೂ ನಡೀತಾವ. ದೇವರಿಗೆ ಅಷ್ಟು ತಿಳಿಯಂಗಿಲ್ಲೇನು,” ಎಂದು ಮಗನಿಗೆ ಅವರೇ ಹೇಳಿದ್ದರು. ಹತ್ತಿ ಮಾರ್ಕೆಟಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದ ರಾಯರು, ತಾಯಿ ತಕರಾರು ತೆಗೆದಾರೆಂದು ಹಿಂದಿನ ದಿನವೆಲ್ಲ ಅಳುಕಿದ್ದವರು, ಆ ಮಾತಿಗೆ ಕಣ್ಣು ತುಂಬಿ ಕೆಲಸಕ್ಕೆ ಹೊರಟುಹೋದರು.

ಹೊಸಿಲು ದಾಟುವಾಗ ಹಿರಿಯ ಮಗಳಿಗೆ ಹೇಳಿದ್ದು ಒಂದೇ ಮಾತು. “ತುಳಸಾ, ನೀರಿನ ಕಡೆ ನಿಗಾ ಇರಲವ್ವಾ.”

ತುಳಸಾ ತಲೆಯಾಡಿಸಿದಳು. ತಾಯಿ ತೀರಿಹೋದ ಮೇಲೆ ಆ ಮನೆಯಲ್ಲಿ ಹೆಚ್ಚಿನ ಮಾತುಗಳಿಗೆ ಆಕೆಯ ಉತ್ತರ ತಲೆಯಾಡಿಸುವುದೇ. ಬಸ್ಸಿನಲ್ಲಿ ಇಳಿಯುವ ಜಾಗ ಬಂದರೂ ‘ನಿಲ್ಲಸ್ರಿ’ ಎನ್ನಲು ನಾಚಿ, ಮುಂದಿನ ನಿಲುಗಡೆಗೆ ಇಳಿದು ಹಿಂದಕ್ಕೆ ನಡೆದು ಬರುವ ಹುಡುಗಿ ಆಕೆ. ಆದರೂ ಮನೆಯಲ್ಲಿ ಇಂಗ್ಲಿಷು ತಿಳಿದವಳು ಆಕೆಯೊಬ್ಬಳೇ, ಬಿ.ಎಸ್ಸಿ. ಮುಗಿಸಿದ್ದಳು. ಹಾಗಾಗಿ ಮದ್ರಾಸಿನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದ್ದೆಲ್ಲ ಮೊದಲು ಆಕೆಯ ಕಿವಿಗೆ ಬಿದ್ದು, ಆಮೇಲೆ ಉಳಿದವರಿಗೆ ತಲುಪುತ್ತಿತ್ತು. ತಂಗಿಯ ಮೊಳಕಾಲಿನ ಬಾವು ಎಲುಬಿನ ಕ್ಯಾನ್ಸರ್ ಎಂಬುದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದವಳು ಆಕೆ. ಬಲಗಾಲನ್ನು ತೊಡೆಯ ನಡುವೆ ತೆಗೆಯಬೇಕೆಂದು ಹೇಳಿದವಳೂ ಆಕೆಯೇ. ಕಾಲು ತೆಗೆದ ಮೇಲೆ, ತಿಂಗಳಿಗೊಮ್ಮೆ ಮದ್ರಾಸಿಗೆ ಹೋಗಿ ಸಲೈನಿನ ಜೊತೆ ಏರಿಸಿಕೊಂಡು ಬರುವ ಮದ್ದಿನ ವಿಷಯವನ್ನೂ ಆಕೆಯೇ ತಿಳಿಸಿ ಹೇಳಿದ್ದಳು.

ಮದ್ದು ಪ್ಲಾಟಿನಂ ಎಂಬ ಲೋಹದಿಂದ ಮಾಡಿದ್ದು. ಕಾಲಿನಿಂದ ತಪ್ಪಿಸಿಕೊಂಡು ಮೈಯಲ್ಲಿ ಎಲ್ಲಾದರೂ ಅಡಗಿರುವ ಕ್ಯಾನ್ಸರ್ ಕಣಗಳನ್ನು ಹುಡುಕಿ ಕೊಲ್ಲುತ್ತದೆ. ಆದರೆ ಹೊರಗೆ ಹೋಗಬೇಕಾದರೆ ಮೂತ್ರಪಿಂಡದ ಮೂಲಕವೇ ಹೋಗಬೇಕು. “ಅಲ್ಲಿ ಒಂದೊಂದು ಉಪ್ಪಿಗೂ ಒಂದೊಂದು ಸಣ್ಣ ಬಾಗಿಲಿದೆ,” ಎಂದು ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ಗೀಚಿ ತೋರಿಸಿದ್ದರು. “ಮೈಗೆ ಬೇಕಾದ ಉಪ್ಪನ್ನು ಆ ಬಾಗಿಲುಗಳು ಹಿಂದಕ್ಕೆ ಕರೆದುಕೊಳ್ಳುತ್ತವೆ. ಮದ್ದು ಅಲ್ಲೇ ನಿಂತರೆ ಅವು ಕೆಡುತ್ತವೆ. ಆಗ ಮೆಗ್ನೀಶಿಯಂ ಸೋರಿಹೋಗುತ್ತದೆ, ಹಿಂದೆಯೇ ಕ್ಯಾಲ್ಸಿಯಂ ಇಳಿಯುತ್ತದೆ. ಮದ್ದು ನಿಲ್ಲಬಾರದು. ಮನೆಗೆ ಹೋದ ಮೇಲೂ ಒಂದು ವಾರ ನೀರು ಕುಡಿಯುತ್ತಲೇ ಇರಬೇಕು.”

ತುಳಸಾ ಇದನ್ನು ಕನ್ನಡದಲ್ಲಿ ಹೇಳಿದಾಗ ಅಂಬೂ, “ನಾನೇನು ಬಚ್ಚಲೇನು, ನೀರು ಹಾಕಿ ಹಾಕಿ ತಿಕ್ಕಲಿಕ್ಕೆ?” ಎಂದಿದ್ದಳು. ಅಂಬೂಗೆ ಹದಿನಾರು. ಅಕ್ಕನಿಗಿಲ್ಲದ ಬಾಯಿಯೆಲ್ಲ ತಂಗಿಗೆ ಬಂದಿತ್ತು. ಆದರೆ ಆ ಬಾಯಿಯೂ ಆಚೆಗೆ ಮುಚ್ಚಿತು. ಮದ್ದು ಏರಿದಾಗಿನ ವಾಂತಿ, ಉದುರಿದ ಕೂದಲು, ಕಂಕುಳಲ್ಲಿ ಕೋಲು. ಮಾತಾಡಿಸಿದರೆ ಗೋಡೆಯ ಕಡೆ ಹೊರಳುತ್ತಿದ್ದಳು. ನೀರಿನ ಲೋಟ ಹಿಡಿದು ಹೋದರೆ ಹಲ್ಲು ಕಚ್ಚುತ್ತಿದ್ದಳು. ತುಳಸಾ ರಮಿಸಿ, ಕಾಡಿ, ಗುಟುಕು ಗುಟುಕಾಗಿ ಕುಡಿಸಬೇಕು; ಆಮೇಲೆ ಬೇಸಿನ್ ಒಡ್ಡಬೇಕು, ಅದನ್ನು ಒಯ್ದು ಚೆಲ್ಲಬೇಕು, ಮತ್ತೆ ಲೋಟ ತುಂಬಬೇಕು.

ಮದ್ದು ಏರಿಸಿಕೊಂಡು ಮದ್ರಾಸಿನಿಂದ ಬಂದು ಮೂರು ದಿನವಾಗಿತ್ತಷ್ಟೇ. ಏಕಾದಶಿಯ ಬೆಳಿಗ್ಗೆ ತುಳಸಾ ಲೋಟ ತುಂಬಿಕೊಂಡು ಹೋದಾಗ ಅಂಬೂ ಗೋಡೆಯ ಕಡೆ ಹೊರಳಲಿಲ್ಲ. ಎದ್ದು ಕೂತಿದ್ದಳು. ಬೋಳುತಲೆಗೆ ಒಗೆದ ವಸ್ತ್ರ ಕಟ್ಟಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡಿದ್ದಳು.

“ಅಕ್ಕ, ಇಲ್ಲಿ ಕೂಡು. ಇವತ್ತು ನೀರು ಬ್ಯಾಡ.”

“ಹಂಗಂದ್ರ ಹೆಂಗ ಅಂಬೂ. ಅಜ್ಜೀನೇ ತುಂಬಿಟ್ಟಾಳ.”

“ಗೊತ್ತದ. ಎಂಟು ವರ್ಷದ ಒಳಗಿನವರಿಗೆ ಏಕಾದಶಿ ಇಲ್ಲ, ಎಂಬತ್ತು ದಾಟಿದವರಿಗೆ ಇಲ್ಲ. ನಾ ಯಾವುದರಾಗ ಬಂದೆ? ಎಂಟು ತುಂಬಿದಾಗಿಂದ ಆಸ್ಪತ್ರಿ ಸೇರೋತನಕ ಒಂದೂ ಬಿಟ್ಟಿಲ್ಲ ನಾನು. ಪರೀಕ್ಷಿ ದಿನಾನೂ ಮಾಡೀನಿ. ಕಾಲು ಹೋತು, ಸಾಲಿ ಹೋತು, ಇನ್ನ ಇದೂ ಹೋಗಬೇಕೇನು?” ದನಿ ತಗ್ಗಿಸಿದಳು. “ಒಂದು ದಿನ ಅಕ್ಕ. ನಿನ್ನ ಒಬ್ಬಾಕಿಗೇ ಹೇಳ್ತಿದೀನಿ. ಅಪ್ಪಗ ಅಜ್ಜಿಗೆ ಗೊತ್ತಾದ್ರ ಬಿಡಂಗಿಲ್ಲ.”

ಎಷ್ಟೋ ವಾರಗಳ ಮೇಲೆ ಆ ಹುಡುಗಿ ಇಷ್ಟುದ್ದ ಮಾತಾಡಿದ್ದಳು. ಬೇಡವೆನ್ನಲು ತುಳಸಾಗೆ ಬಾಯಿ ಬರಲಿಲ್ಲ. ಅದು ನಿಜವೇ. ಆದರೆ ಅದರ ಕೆಳಗೆ ಇನ್ನೊಂದು ನಿಜವಿತ್ತು. ತಂಗಿ ‘ನೀರು ಬ್ಯಾಡ’ ಎಂದಾಗ ತುಳಸಾಳ ಭುಜಗಳು ತಾವಾಗಿಯೇ ಹಗುರಾಗಿದ್ದವು. ಇವತ್ತು ರಮಿಸಬೇಕಾಗಿಲ್ಲ. ಬೇಸಿನ್ ಇಲ್ಲ. ಇವತ್ತು ನನಗೂ ರಜೆ. ಆ ಯೋಚನೆ ಮಿಂಚಿ ಹೋಗುವಷ್ಟೇ ಹೊತ್ತು ಇತ್ತು. ಆದರೂ ಇತ್ತು.

ತುಳಸಾ ತಲೆಯಾಡಿಸಿದಳು.

ಆ ದಿನ ಮಧ್ಯಾಹ್ನ ಮನೆ ತಣ್ಣಗಿತ್ತು. ಅಜ್ಜಿ ದೇವರ ಮನೆಯಲ್ಲಿ ಜಪಕ್ಕೆ ಕೂತಿದ್ದರು. ಅಂಬೂ ಕಣ್ಣು ಮುಚ್ಚಿ ಮಲಗಿದ್ದಳು. ಮುಖದ ಮೇಲೆ ಏನೋ ಒಂದು ಗೆಲುವು. ತುಳಸಾ ಬಹಳ ದಿನಗಳ ಮೇಲೆ ಚಾಪೆ ಹಾಸಿಕೊಂಡು ಕಣ್ತುಂಬ ನಿದ್ದೆ ಮಾಡಿದಳು. ಎದ್ದಾಗ ಅಪ್ಪ ಬರುವ ಹೊತ್ತು. ಬಂದವರು ಮೊದಲು ನೋಡುವುದು ಆ ಚೆಂಬನ್ನೇ. ಆಕೆ ಸದ್ದಾಗದಂತೆ ಚೆಂಬು ಎತ್ತಿಕೊಂಡು ಹಿತ್ತಲಿಗೆ ಹೋಗಿ ಬಚ್ಚಲ ಬದಿಯ ಬಾಳೆಗಿಡದ ಬುಡಕ್ಕೆ ಸುರಿದಳು.

“ಯಾಕಮ್ಮಾ ತುಳಸಮ್ಮಾ, ಕುಡಿಯೋ ನೀರು ಬಾಳಿಗಿಡಕ್ಕ?” ಗೋಡೆಯಾಚೆ ಗುರುಲಿಂಗಮ್ಮನ ತಲೆ. “ನಳ ಬರಲಾರದ ಊರಾಗ ನಿಮ್ಮ ಬಾಳಿಗಿಡ ಪುಣ್ಯ ಮಾಡೇತಿ ಬಿಡು.”

“ಹುಳ ಬಿದ್ದಿತ್ರಿ,” ಎಂದಳು ತುಳಸಾ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಆಕೆಗೇ ಗೊತ್ತಿರಲಿಲ್ಲ.

ಸಂಜೆ ರಾಯರು ಬಂದು ಚೆಂಬಿನೊಳಗೆ ಇಣುಕಿ ನೋಡಿದರು. ಬರಿದಾಗಿತ್ತು. “ಶಾಣ್ಯಾಕಿ ನನ್ನ ಮಗಳು,” ಎಂದು ಅಂಬೂನ ತಲೆ ಸವರಿದರು. ಅಂಬೂ ಅಕ್ಕನ ಕಡೆ ನೋಡಿ ತುಟಿಯಂಚಿನಲ್ಲಿ ನಕ್ಕಳು. ತುಳಸಾ ನಗಲಿಲ್ಲ.

ದ್ವಾದಶಿಯ ಬೆಳಿಗ್ಗೆ ಸೂರ್ಯ ಏರುವ ಮೊದಲೇ ಪಾರಣೆ. ಅಜ್ಜಿ ಅಗಸೆಸೊಪ್ಪಿನ ಪಲ್ಯ ಮಾಡಿ, ಅಂಬೂಗೆ ಮಂಚದ ಮೇಲೆಯೇ ಎಲೆ ಹಾಕಿದರು. ಅನ್ನ ಬಡಿಸಿ ತಿರುಗಿದವರು ನಿಂತು ನೋಡಿದರು. ಅಂಬೂನ ಬಲಗೈ ಎಲೆಯ ಮೇಲೆ ಬಾಗಿತ್ತು. ಬೆರಳುಗಳು ನೆಟ್ಟಗೆ ಒಂದಕ್ಕೊಂದು ಅಂಟಿ, ಹೆಬ್ಬೆರಳು ಒಳಗೆ ಮಡಚಿ, ತುದಿಗಳೆಲ್ಲ ಕೂಡಿದ್ದವು.

“ನೋಡೇ ತುಳಸಾ,” ಅಜ್ಜಿಯ ದನಿ ತುಂಬಿಬಂದಿತ್ತು. “ತುತ್ತು ಎತ್ತೋ ಮುಂದ ಪ್ರಾಣಾಹುತಿಗೆ ಬೆರಳು ಎಷ್ಟು ಚಂದ ಕೂಡಿಸ್ಯಾಳ. ಮದ್ಲು ಗಬಗಬ ತಿಂತಿದ್ಲು, ಈಗ ಬುದ್ಧಿ ಬಂದದ.”

“ಅಜ್ಜಿ,” ಎಂದಳು ಅಂಬೂ ಮೆಲ್ಲಗೆ. “ಬಿಚ್ಚಲಿಕ್ಕೆ ಬರವಲ್ದು.”

ಎಡಗೈಯೂ ಹಾಗೆಯೇ ತಿರುಚಿಕೊಳ್ಳುತ್ತಿತ್ತು. ತುಟಿಯ ಸುತ್ತ ಸಣ್ಣಗೆ ಅದುರುತ್ತಿತ್ತು. ಅಜ್ಜಿ ಕೈ ಹಿಡಿದು ಬಿಡಿಸಲು ನೋಡಿದರು. ಮರದ ಕೊರಡಿನ ಹಾಗಿತ್ತು. “ಗಾಳಿ ಬಡದದೇನೋ,” ಎಂದು ದೇವರ ಮನೆಯಿಂದ ಮಂತ್ರಾಕ್ಷತೆ ತರಲು ಓಡಿದರು.

ತುಳಸಾ ನಿಂತಲ್ಲೇ ನಿಂತಳು. ಆಕೆಯ ಕಣ್ಣ ಮುಂದೆ ಕಾಲೇಜಿನ ಪ್ರಯೋಗಶಾಲೆಯಿತ್ತು. ಉಪ್ಪುನೀರಿನ ಬಟ್ಟಲಲ್ಲಿ ಕಪ್ಪೆಯ ಕಾಲಿನ ಸ್ನಾಯು. ಆ ದಿನ ಯಾರೋ ಬಟ್ಟಲಿಗೆ ಕ್ಯಾಲ್ಸಿಯಂ ಹಾಕುವುದನ್ನು ಮರೆತಿದ್ದರು. ಯಾರೂ ಮುಟ್ಟದೆಯೇ ಆ ಸ್ನಾಯು ತಾನಾಗಿ ಪಟಪಟನೆ ಅದುರತೊಡಗಿತ್ತು. ನರದ ಪೊರೆಯಲ್ಲಿ ಸೋಡಿಯಂ ಒಳಗೆ ಬರುವ ಬಾಗಿಲುಗಳಿವೆ, ಕ್ಯಾಲ್ಸಿಯಂ ಅವುಗಳಿಗೆ ಕಾವಲಿದ್ದ ಹಾಗೆ, ಕಾವಲು ಹೋದರೆ ಕರೆಯದೆಯೂ ಬಾಗಿಲು ತೆರೆದುಕೊಳ್ಳುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಕಪ್ಪೆ ಮುಟ್ಟಿ ಬಂದಿದ್ದಕ್ಕೆ ಅಜ್ಜಿ ಅಂದು ಹಿತ್ತಲಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡು ಒಳಗೆ ಬಾ ಎಂದಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ತುಳಸಾ ಪೂರ್ತಿ ಉತ್ತರ ಬರೆದಿದ್ದಳು. ಎಲ್ಲ ಗೊತ್ತಿದ್ದೂ ಆ ಚೆಂಬನ್ನು ಬಾಳೆಗಿಡಕ್ಕೆ ಸುರಿದಿದ್ದಳು.

“ಅಪ್ಪಾ, ಜಟಕಾ ಕರಸ್ರಿ,” ಎಂದಳು. ಅಷ್ಟು ಜೋರಾಗಿ ಆಕೆ ಮಾತಾಡಿದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ.

ಊರಿನ ಏಕಾಂತಪ್ಪ ಡಾಕ್ಟರು ಕೈ ನೋಡಿದ್ದೇ ಕ್ಯಾಲ್ಸಿಯಂ ಇಂಜೆಕ್ಷನ್ ತೆಗೆದರು. ನಾಡಿಯ ಮೇಲೆ ಬೆರಳಿಟ್ಟುಕೊಂಡು ನಿಧಾನ, ಬಹಳ ನಿಧಾನ ಏರಿಸಿದರು. ಸಿರಿಂಜು ಖಾಲಿಯಾಗುವ ಹೊತ್ತಿಗೆ ಅಂಬೂನ ಬೆರಳುಗಳು ಒಂದೊಂದಾಗಿ ಸಡಿಲಾದವು.

“ಮದ್ರಾಸಿನವರು ನೀರು ಕುಡಿ ಅಂದಿರಬೇಕಲ್ರಿ. ಕುಡೀತಾಳೇನು?” ಎಂದು ಕೇಳಿದರು.

“ಚೆಂಬು ಚೆಂಬು ಕುಡೀತಾಳ್ರಿ. ನಿನ್ನೆ ಏಕಾದಶಿ ಇದ್ರೂ ಬಿಟ್ಟಿಲ್ಲ. ನಾನೇ ಕಣ್ಣಾರೆ ನೋಡೀನಿ,” ಎಂದರು ರಾಯರು.

ಏಕಾಂತಪ್ಪ ತುಳಸಾಳ ಕಡೆ ನೋಡಿದರು. ಆಕೆ ಅಂಬೂನ ಕೈಯನ್ನು ಒತ್ತುತ್ತ ತಲೆ ತಗ್ಗಿಸಿದಳು.

“ಹಂಗಾದ್ರ ಮದ್ದೇ ಈ ಮೈಗೆ ಒಗ್ಗಿಲ್ಲ. ತಡ ಮಾಡಬ್ಯಾಡ್ರಿ, ಇವತ್ತೇ ರೈಲು ಹತ್ತಿಸಿಬಿಡ್ರಿ.”

ಮನೆಗೆ ಬಂದು ಬಟ್ಟೆ ಕಟ್ಟುವಾಗ ಗುರುಲಿಂಗಮ್ಮ ಬಾಗಿಲಿಗೆ ಬಂದಳು. ಮೊದಲಿನ ನಗು ಇರಲಿಲ್ಲ. “ತುಳಸಮ್ಮಾ, ಹುಳ ಬಿದ್ದ ನೀರು ಹುಡುಗಿ ಒಂದಿಷ್ಟು ಕುಡಿದಿತ್ತೇನವ್ವಾ ಮದ್ಲೇ? ರಾತ್ರಿಯೆಲ್ಲ ನನಗ ಅದೇ ಚಿಂತಿ.”

“ಇಲ್ರಿ,” ಎಂದಳು ತುಳಸಾ. “ಒಂದು ಗುಟುಕೂ ಕುಡದಿಲ್ಲ.” ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಮದ್ರಾಸಿನಲ್ಲಿ ರಕ್ತ ತೆಗೆದರು, ಮೂತ್ರ ಹಿಡಿದರು. ಅಂಬೂನ ಕೈಗೆ ಸಲೈನು ಹಚ್ಚಿದರು. ಮರುದಿನ ಡಾಕ್ಟರಮ್ಮ ರಿಪೋರ್ಟು ಹಿಡಿದುಕೊಂಡು ಮಂಚದ ಹತ್ತಿರ ಬಂದರು. ಒಂದು ಕಡೆ ರಾಯರು, ಇನ್ನೊಂದು ಕಡೆ ತುಳಸಾ. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಮೆಗ್ನೀಶಿಯಂ ಬಹಳ ಇಳಿದಿದೆ. ಮೂತ್ರಪಿಂಡ ಸೋತಿದೆ. ನೀರು ಕುಡಿದೂ ಹೀಗಾಗಿದ್ದರೆ ಈ ಹುಡುಗಿಗೆ ಈ ಮದ್ದು ಇನ್ನು ಕೊಡುವಂತಿಲ್ಲ. ನಿಲ್ಲಿಸಲೇಬೇಕು.

“ಏನಂತಾರವ್ವಾ?” ರಾಯರು ಕೇಳಿದರು.

“ಮದ್ದು ನಿಲ್ಲಸ್ತಾರಂತ ಅಪ್ಪಾ.”

ಮಂಚದ ಮೇಲಿಂದ ಒಂದು ಸಣ್ಣ ಸದ್ದು ಬಂತು. ಅಂಬೂ ನಗುತ್ತಿದ್ದಳು. ಕಾಲು ತೆಗೆದ ದಿನದಿಂದ ಕಾಣದಿದ್ದ, ಹಲ್ಲು ಕಾಣುವ ನಗು. “ಹೌದೇನಕ್ಕ? ಇನ್ನ ವಾಂತಿ ಇಲ್ಲೇನು? ಇಲ್ಲಿಗೆ ಬರೋದೇ ಇಲ್ಲೇನು? ನೋಡು, ಏಕಾದಶಿ ಫಲ ಅಂದ್ರ ಇದು.”

ತುಳಸಾ ಆ ನಗುವನ್ನು ನೋಡಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ನಿಲ್ಲಿಸಿದರೆ ಏನಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬೇರೆ ಮದ್ದುಗಳಿವೆ, ಆದರೆ ಇದರಷ್ಟು ಬಲವಿಲ್ಲ, ಈ ಕಾಯಿಲೆ ಹಿಂತಿರುಗಿದರೆ ಹೆಚ್ಚಾಗಿ ಶ್ವಾಸಕೋಶಕ್ಕೆ ಬರುತ್ತದೆ, ಬಂದರೆ ನಮ್ಮ ಕೈಯಲ್ಲಿ ಉಳಿಯುವುದು ಕಡಿಮೆ ಎಂದರು. ಇದನ್ನು ತುಳಸಾ ಅಪ್ಪನಿಗೆ ಹೇಳಲಿಲ್ಲ.

ಸುಮ್ಮನಿದ್ದರೆ ಎಲ್ಲರಿಗೂ ಒಳ್ಳೆಯದೇ. ಅಂಬೂಗೆ ನಗು, ಅಪ್ಪನಿಗೆ ತಾನು ಕಂಡ ಬರಿದಾದ ಚೆಂಬು, ಅಜ್ಜಿಗೆ ಮೊಮ್ಮಗಳ ಪ್ರಾಣಾಹುತಿ. ತನಗೂ ಒಳ್ಳೆಯದೇ, ಇನ್ನು ಲೋಟ ಹಿಡಿದು ಕಾಡಬೇಕಾಗಿಲ್ಲ. ಏಕಾದಶಿಯ ಬೆಳಿಗ್ಗೆ ಹಗುರಾಗಿದ್ದ ಆ ಭುಜಗಳೇ ಇಲ್ಲಿಯೂ ಹಗುರಾಗಲು ಕಾಯುತ್ತಿದ್ದವು.

“ಆಕೆ ನೀರು ಕುಡಿದಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು. “ಆ ದಿನ ಪೂರ್ತಿ, ರಾತ್ರಿ ಪೂರ್ತಿ ಕುಡಿದಿಲ್ಲ. ನಮ್ಮಲ್ಲಿ ಉಪವಾಸ ಇತ್ತು. ನನಗೆ ಗೊತ್ತಿತ್ತು.”

ಇಂಗ್ಲಿಷಾದ್ದರಿಂದ ಇದು ಡಾಕ್ಟರಮ್ಮನಲ್ಲೇ ಉಳಿಯುತ್ತದೆ ಎಂದು ಆಕೆ ನಂಬಿದ್ದಳು. ಆದರೆ ಡಾಕ್ಟರಮ್ಮ ರಿಪೋರ್ಟು ಮಡಚಿ, ಮಂಚದ ಮೇಲೆ ಕೂತು, ತಮಿಳು ನಾಲಿಗೆಯ ಮುರುಕು ತೆಲುಗಿನಲ್ಲಿ ಅಂಬೂನನ್ನೇ ಕೇಳಿದರು. “ನೀಳ್ಳು ತಾಗಲೇದಾ ಅಮ್ಮಾ? ಅಕ್ಕ ಚೆಪ್ಪಿಂದಿ.”

ತೆಲುಗು ಬಾರದವರು ಆದೋನಿಯಲ್ಲಿ ಯಾರಿದ್ದಾರೆ. ನೀರು ಕುಡಿಯಲಿಲ್ಲವೇ, ಅಕ್ಕ ಹೇಳಿದಳು ಎಂಬುದು ಅಂಬೂಗೂ ತಿಳಿಯಿತು, ರಾಯರಿಗೂ ತಿಳಿಯಿತು.

“ತಾಗಾನು, ಕುಡದೀನಿ,” ಎಂದಳು ಅಂಬೂ ಎರಡೂ ಭಾಷೆಯಲ್ಲಿ. ನಗು ಇನ್ನೂ ಪೂರ್ತಿ ಆರಿರಲಿಲ್ಲ. “ಕೇಳ್ರಿ ಅಪ್ಪಾ, ಅಕ್ಕ ಏನೇನೋ ಹೇಳ್ತಾಳ. ನೀವ ನೋಡೀರಲ್ಲ ಚೆಂಬು.”

“ಹೌದಲ್ಲವ್ವಾ, ನಾ ಚೆಂಬು ನೋಡೀನಲ್ಲ,” ಎಂದರು ರಾಯರು, ಹಿರಿಯ ಮಗಳ ಕಡೆ ತಿರುಗಿ.

“ಬಾಳಿಗಿಡಕ್ಕ ನಾನೇ ಸುರದೆ ಅಪ್ಪಾ.”

ಅಪ್ಪ ಬೈದಿದ್ದರೆ ತುಳಸಾಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಅವರು ಹೆಗಲ ಮೇಲಿನ ವಸ್ತ್ರ ತೆಗೆದು, ಸುಮ್ಮನೆ ಮಡಚುತ್ತ, ಮತ್ತೆ ಬಿಚ್ಚುತ್ತ ಕೂತರು.

ಡಾಕ್ಟರಮ್ಮ ಹೇಳಿದರು. ಹಾಗಿದ್ದರೆ ಮದ್ದಿನದೊಂದೇ ತಪ್ಪಲ್ಲ. ಮೂತ್ರಪಿಂಡ ಚೇತರಿಸಿಕೊಳ್ಳುವವರೆಗೆ ಕಾಯೋಣ. ಮುಂದಿನ ಸಲ ಇಲ್ಲೇ ಇಟ್ಟುಕೊಂಡು, ಮದ್ದಿಗೆ ಮೊದಲೂ ಆಮೇಲೂ ಮೆಗ್ನೀಶಿಯಂ ಸೇರಿಸಿ ಸಲೈನು ಬಿಡೋಣ. ಮನೆಗೆ ಹೋದ ಮೇಲೆ ನೀರಿನ ಜವಾಬ್ದಾರಿ ಮಾತ್ರ ನಿನ್ನದು. ಇಷ್ಟನ್ನೂ ತುಳಸಾ ಮಾತಿಗೆ ಮಾತು ಕನ್ನಡ ಮಾಡಿ ಹೇಳಿದಳು. ಮದ್ದು ಮುಂದುವರಿಯುತ್ತದೆ ಎಂಬುದನ್ನೂ ಬಿಡಲಿಲ್ಲ.

“ನಿನ್ನ ಒಬ್ಬಾಕಿಗೇ ಹೇಳಿದ್ದೆ,” ಎಂದಳು ಅಂಬೂ. ಸಲೈನಿನ ಕೈಯನ್ನು ಎದೆಗೆ ಹಿಡಿದು ಗೋಡೆಯ ಕಡೆ ಹೊರಳಿದಳು.

ಆಮೇಲೆ ಆಕೆ ಅಕ್ಕನೊಡನೆ ಮಾತು ಬಿಟ್ಟಳು. ಊರಿಗೆ ಮರಳಿದ ಮೇಲೆ ಬೇಕಾದ್ದನ್ನೆಲ್ಲ ಅಜ್ಜಿಯ ಮೂಲಕ ಕೇಳುತ್ತಿದ್ದಳು. “ಅಜ್ಜಿ, ಆಕಿಗೆ ಕೋಲು ಕೊಡಂತ ಹೇಳು.” “ಅಜ್ಜಿ, ಫ್ಯಾನ್ ಹಚ್ಚಂತ ಹೇಳು ಆಕಿಗೆ.” ಅಜ್ಜಿ ಹೇಳುವ ಮೊದಲೇ ತುಳಸಾ ಎದ್ದಿರುತ್ತಿದ್ದಳು. ನೀರನ್ನು ಮಾತ್ರ ಅಂಬೂ ಎದುರು ಹೇಳದೆ ಕುಡಿಯುತ್ತಿದ್ದಳು. ಕುಡಿದು, ಲೋಟವನ್ನು ಅಕ್ಕನ ಮುಖದ ಮುಂದೆ ಬೋರಲು ಹಿಡಿದು, ಹನಿ ಬೀಳುವುದಿಲ್ಲವೆಂದು ತೋರಿಸಿ ಇಡುತ್ತಿದ್ದಳು. ಕೈದಿಗಳು ಕಾವಲುಗಾರನಿಗೆ ತೋರಿಸುವಂತೆ. ತುಳಸಾ ಪ್ರತಿ ಸಲವೂ ನೋಡುತ್ತಿದ್ದಳು. ನೋಡುವುದು ತನಗೆ ಬಿದ್ದ ದಂಡ ಎನ್ನುವಂತೆ ಕಣ್ಣು ತಪ್ಪಿಸದೆ ನೋಡುತ್ತಿದ್ದಳು.

ಮತ್ತೊಂದು ಸಲ ಮದ್ರಾಸಿಗೆ ಹೋಗಿ ಮದ್ದು ಏರಿಸಿಕೊಂಡು ಬಂದರು. ವಾಂತಿ ಮೊದಲಿನಂತೆಯೇ. ಕೈ ತಿರುಚಲಿಲ್ಲ. ಮನೆಗೆ ಬಂದು ಚೇತರಿಸಿಕೊಳ್ಳುವಾಗಲೇ ಮತ್ತೆ ಏಕಾದಶಿ ಬಂತು.

ಸಕ್ಕೂಬಾಯಿ ಕೊಡಗಳನ್ನು ಬೋರಲು ಹಾಕಿದರು. ಮಂಚದ ಪಕ್ಕದ ಚೆಂಬನ್ನು ತುಂಬಿಟ್ಟು, ದೇವರ ಮನೆಗೆ ಹೋದರು. ಜಪದ ಗುಣುಗುಣು ಪಡಸಾಲೆಗೆ ಕೇಳುತ್ತಿತ್ತು. ತುಳಸಾ ಲೋಟ ತುಂಬಿ ಕೊಟ್ಟಳು. ಅಂಬೂ ಕೈಯಲ್ಲಿ ಹಿಡಿದುಕೊಂಡಳು. ಕುಡಿಯಲಿಲ್ಲ.

“ಅಂಬೂ,” ಎಂದಳು ತುಳಸಾ.

ಅಂಬೂ ಲೋಟದೊಳಗೆ ನೋಡುತ್ತ ಕೂತಿದ್ದಳು.

“ಅವತ್ತು ನೀ ನೀರು ಬ್ಯಾಡ ಅಂದಾಗ,” ತುಳಸಾ ಶುರುಮಾಡಿದಳು. ಡಾಕ್ಟರಮ್ಮನಿಗೆ ಹೇಳದ್ದು, ಅಪ್ಪನಿಗೆ ಹೇಳದ್ದು, ಬಾಯಿಯವರೆಗೆ ಬಂದಿತ್ತು. “ನನಗ ಒಂದು ನಮೂನಿ—”

“ಗೊತ್ತದ,” ಎಂದಳು ಅಂಬೂ. ಎಷ್ಟೋ ದಿನಗಳ ಮೇಲೆ ನೇರ ಅಕ್ಕನಿಗೇ. “ನಿನ್ನ ಮಾರಿ ನೋಡಿದ್ದೆ ನಾ. ಬ್ಯಾಸರಾಗಿತ್ತು ನಿನಗ. ಹೂಂ ಅಂತೀ ಅಂತ ಗೊತ್ತಿತ್ತು. ಅದಕ್ಕೇ ನಿನ್ನ ಕೇಳಿದ್ದು.”

ಒಳಗೆ ಅಜ್ಜಿಯ ಜಪ ನಡೆದೇ ಇತ್ತು. ಅಂಬೂ ಲೋಟವನ್ನು ಅಕ್ಕನ ಕಡೆ ಚಾಚಿದಳು.

“ಇದನ್ನ ಮದ್ಲು ನೀ ಕುಡಿ.”

“ಇವತ್ತು ಏಕಾದಶಿ ಅಂಬೂ.”

“ನನಗೂ ಗೊತ್ತದ ಏಕಾದಶಿ ಅಂತ. ಈ ಮನ್ಯಾಗ ನಾನೊಬ್ಬಾಕೇ ಕುಡಿಯೋದು ನನಗಾಗಂಗಿಲ್ಲ. ನೀ ಕುಡದ್ರ ನಾ ಕುಡೀತೀನಿ. ಮದ್ದು ಮುಗಿಯೋತನಕ. ಇಲ್ಲಂದ್ರ ಒಯ್ದು ಬಾಳಿಗಿಡಕ್ಕ ಹಾಕು, ನಿನಗ ದಾರಿ ಗೊತ್ತದಲ್ಲ.”

ತುಳಸಾ ಲೋಟ ತೆಗೆದುಕೊಂಡಳು. ಎಂಟು ತುಂಬಿದ ಮೇಲೆ ಏಕಾದಶಿಯ ದಿನ ಆಕೆಯ ತುಟಿಗೆ ನೀರು ತಾಕಿರಲಿಲ್ಲ. ತಾಯಿ ತೀರಿದ ವರ್ಷವೂ ಇಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಯಾರೂ ಏನೂ ನುಂಗದ ಆ ದಿನ, ಆ ಮನೆಯಲ್ಲಿ, ಗಂಟಲಿಂದ ನೀರಿಳಿದ ಸದ್ದು ಆಕೆಗೇ ದೊಡ್ಡದಾಗಿ ಕೇಳಿಸಿತು.

ದೇವರ ಮನೆಯಲ್ಲಿ ಜಪ ನಿಂತಿತು.

ತುಳಸಾ ಲೋಟ ಹಿಡಿದವಳು ಹಾಗೆಯೇ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿನ ಗುಣುಗುಣು ಮತ್ತೆ ಶುರುವಾಯಿತು, ಮೊದಲಿಗಿಂತ ತುಸು ಗಟ್ಟಿಯಾಗಿ, ಪಡಸಾಲೆಯ ಸದ್ದು ತನಗೆ ಕೇಳದಿರಲಿ ಎನ್ನುವ ಹಾಗೆ.

“ಪೂರ್ತಿ ಕುಡಿ,” ಎಂದಳು ಅಂಬೂ.

ತುಳಸಾ ಪೂರ್ತಿ ಕುಡಿದು, ಲೋಟವನ್ನು ತಂಗಿಯ ಮುಂದೆ ಬೋರಲು ಹಿಡಿದು ತೋರಿಸಿದಳು. ಅಂಬೂ ಹನಿ ಬೀಳುತ್ತದೇನೋ ಎಂದು ನೋಡಿದಳು. ಆಮೇಲೆ ಲೋಟ ಇಸಿದುಕೊಂಡು, ಚೆಂಬನ್ನು ತಾನೇ ಬಗ್ಗಿಸಿ ತುಂಬಿಕೊಂಡು, ಕುಡಿಯತೊಡಗಿದಳು.